ಅಡಿಕೆ ಮಂಡಿಯ ಲೆಕ್ಕ, ಲ್ಯಾಬಿನ ರಿಪೋರ್ಟು, ಮೂವತ್ತೆಂಟು ಹಾರ್ಡ್ ಡಿಸ್ಕು

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಕೊಟೇಶನ್ ಜೊತೆಗೇ ಬಂದಿವೆ. 'ಇದು ತಗೊಳ್ಳಲಾ, ಅದು ತಗೊಳ್ಳಲಾ?' ಅಂತ. ನಾನು 2001ರಲ್ಲಿ ಶಿವಮೊಗ್ಗದ ದುರ್ಗಿಗುಡಿಯಲ್ಲಿ ಮಹಡಿ ಮೇಲೊಂದು ಕೋಣೆ ಬಾಡಿಗೆ ಹಿಡಿದು ಕಂಪ್ಯೂಟರ್ ಜೋಡಿಸಿ ಮಾರಲು ಶುರು ಮಾಡಿದವಳು. ಕೊಟೇಶನ್ ಬರೆದೂ ಗೊತ್ತು, ಅದರಲ್ಲಿ ಏನನ್ನು ಬರೆಯದೆ ಬಿಡುತ್ತಾರೆ ಅನ್ನೋದೂ ಗೊತ್ತು. ಬೆಲೆ ಮಾತ್ರ ಕೇಳಬೇಡಿ. ಡಿಸ್ಕಿನ ದರ ಈಗ ಅಡಿಕೆ ದರದ ಹಾಗೆ ಆಗಿದೆ. ಬೆಳಗ್ಗೆ ಒಂದು, ಸಂಜೆ ಒಂದು.

ಪ್ರಶ್ನೆ: ಮೇಡಂ, ಸಾಗರದಲ್ಲಿ ನಮ್ಮ ಅಡಿಕೆ ಮಂಡಿ ಇದೆ. ಆರು ಕಂಪ್ಯೂಟರ್, ಎಲ್ಲದರಲ್ಲೂ ಟ್ಯಾಲಿ. ಬೆಳೆಗಾರರ ಮುಂಗಡ, ಪಟ್ಟಿ, ಬಾಕಿ ಎಲ್ಲಾ ಅದರಲ್ಲೇ. 'ಎರಡು ಡಿಸ್ಕಿನ ನ್ಯಾಸ್ ಹಾಕಿಸಿ, ಒಂದು ಹೋದ್ರೂ ಇನ್ನೊಂದಿರುತ್ತೆ, ಬೇರೆ ಬ್ಯಾಕಪ್ ಬೇಕಾಗಿಲ್ಲ' ಅಂತ ಡೀಲರ್ ಹೇಳುತ್ತಾರೆ. ನಿಜವೇ? ಅದರ ಬದಲು ದೊಡ್ಡ ಸರ್ವರ್ರೇ ತೆಗೆದುಕೊಳ್ಳಲೇ?

ಯಜಮಾನರೇ, ಒಂದು ಹೋದರೂ ಇನ್ನೊಂದಿರುತ್ತದೆ ಅನ್ನೋದು ನಿಜ. ಬ್ಯಾಕಪ್ ಬೇಕಾಗಿಲ್ಲ ಅನ್ನೋದು ಸುಳ್ಳು. ಇದೇ ಸುಳ್ಳನ್ನು ನಾನೂ ಒಮ್ಮೆ ಹೇಳಿದ್ದೆ. ಬೇಕು ಅಂತ ಹೇಳಿದ್ದಲ್ಲ, ತಿಳಿಯದೆ.

ನ್ಯಾಸ್ ಅಂದರೆ ನೆಟ್‌ವರ್ಕಿಗೆ ಸಿಕ್ಕಿಸುವ ಡಿಸ್ಕಿನ ಪೆಟ್ಟಿಗೆ. ನಿಮ್ಮ ಡೀಲರ್ ಹೇಳುತ್ತಿರುವುದು ಅದರೊಳಗಿನ ರೇಡ್ 1 ಏರ್ಪಾಟು. ಒಂದು ಡಿಸ್ಕಿಗೆ ಬರೆದದ್ದು ಅದೇ ಗಳಿಗೆಯಲ್ಲಿ ಇನ್ನೊಂದಕ್ಕೂ ಬರೆಯುತ್ತದೆ, ಕನ್ನಡಿಯ ಹಾಗೆ. ಡಿಸ್ಕ್ ಕೆಟ್ಟರೆ ಮಂಡಿ ನಿಲ್ಲುವುದಿಲ್ಲ. ಒಳ್ಳೆಯದೇ. ಆದರೆ ಕನ್ನಡಿಗೆ ಒಳ್ಳೆಯದು ಕೆಟ್ಟದ್ದು ಗೊತ್ತಾಗುವುದಿಲ್ಲವಲ್ಲ. ನೀವು ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ.

ನಾನು ಸರ್ವಿಸ್ ನೋಡಿಕೊಳ್ಳುತ್ತಿದ್ದ ಒಂದು ಅಕ್ಕಿ ಗಿರಣಿಯಲ್ಲಿ ಹೀಗೇ ಆಯಿತು. ಗುಮಾಸ್ತ ಹಳೆಯ ವರ್ಷದ ಟ್ಯಾಲಿ ಫೋಲ್ಡರನ್ನು ಎಲ್ಲೋ ನಕಲು ಮಾಡಲು ಹೋಗಿ ಈ ವರ್ಷದ ಮೇಲೇ ಹಾಕಿಬಿಟ್ಟ. ಎರಡೂ ಡಿಸ್ಕು ನಿಯತ್ತಾಗಿ ಹಾಗೇ ಬರೆದುಕೊಂಡವು. ಹೋಗಲಿ, ಹೊರಗಿನ ಒಂದು ಡಿಸ್ಕಿಗೆ ರಾತ್ರಿ ಬ್ಯಾಕಪ್ ಆಗುವ ಹಾಗೆ ನಾನೇ ಇಟ್ಟಿದ್ದೆನಲ್ಲ ಅಂದುಕೊಂಡು ಅದನ್ನು ತೆರೆದೆ. ಕೊನೆಯ ನಕಲು ನಾಲ್ಕು ತಿಂಗಳ ಹಿಂದಿನದು! ಯಾರೋ ಪೆನ್‌ಡ್ರೈವ್ ಸಿಕ್ಕಿಸಿದಾಗ ಆ ಡಿಸ್ಕಿನ ಅಕ್ಷರ 'ಇ' ಇದ್ದದ್ದು 'ಎಫ್' ಆಗಿತ್ತು. ಅಂದಿನಿಂದ ಪ್ರತಿ ರಾತ್ರಿ ಬ್ಯಾಕಪ್ ಸೋತು ಮಲಗುತ್ತಿತ್ತು. ನಾಲ್ಕು ತಿಂಗಳ ಬಿಲ್ಲುಗಳನ್ನು ನಾನು, ನನ್ನ ಇಬ್ಬರು ಹುಡುಗರು, ಆ ಗುಮಾಸ್ತ ಕೂತು 16 ದಿನ ಟೈಪ್ ಮಾಡಿದೆವು. ಗಿರಣಿ ಯಜಮಾನರು ಒಂದು ಮಾತೂ ಬೈಯಲಿಲ್ಲ. ದಿನಾ ಮಧ್ಯಾಹ್ನ ಊಟ ಕಳಿಸುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು.

ಈಗ ನಿಮ್ಮ ವಿಷಯ. ಆರು ಜನಕ್ಕೆ ಸರ್ವರ್ ಬೇಡ. ಆ ದುಡ್ಡಿನಲ್ಲಿ ಒಂದು ಒಳ್ಳೆಯ ಕಂಪ್ಯೂಟರ್‌ಗೆ ಎಸ್‌ಎಸ್‌ಡಿ (ತಿರುಗುವ ಭಾಗಗಳಿಲ್ಲದ ವೇಗದ ಡಿಸ್ಕ್) ಹಾಕಿ, ಟ್ಯಾಲಿ ಡೇಟಾ ಅದರಲ್ಲಿಡಿ. ಅದರಲ್ಲಿ ಯಾರೂ ಮೇಲ್ ನೋಡಬಾರದು, ಯೂಟ್ಯೂಬ್ ಹಾಕಬಾರದು. ಎರಡು ಡಿಸ್ಕಿನ ನ್ಯಾಸ್ ಖಂಡಿತ ತೆಗೆದುಕೊಳ್ಳಿ, ಆದರೆ ನಕಲು ಇಡಲಿಕ್ಕೆ. ನ್ಯಾಸ್ ತಾನೇ ಹೋಗಿ ಕಂಪ್ಯೂಟರಿನಿಂದ ಡೇಟಾ ಎಳೆದುಕೊಳ್ಳಬೇಕು. ಗುಮಾಸ್ತರ ಕಂಪ್ಯೂಟರ್‌ಗಳಿಂದ ಆ ಫೋಲ್ಡರ್ ತೆರೆಯಲೂ ಬರಬಾರದು. ಯಾಕೆಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಂವೇರ್, ಗುಮಾಸ್ತನ ಕೈ ಎಲ್ಲೆಲ್ಲಿ ತಲುಪುತ್ತದೋ ಅಲ್ಲಿಗೆಲ್ಲ ತಲುಪುತ್ತದೆ. 2017ರ ಮೇ 12ರಂದು ಹಬ್ಬಿದ ವಾನಾಕ್ರೈ ಇನ್ನೂ ಮುಂದೆ ಹೋಯಿತು. ಯಾರೂ ಏನೂ ಒತ್ತದೆ, ವಿಂಡೋಸ್‌ನ ಫೈಲ್ ಹಂಚಿಕೆಯ ಒಂದು ತೂತಿನಿಂದ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ತಾನೇ ಹಾರಿತು. ಆ ತೂತು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ, ಮಾರ್ಚಿನಲ್ಲಿ ಕೊಟ್ಟಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು.

ನ್ಯಾಸ್ ಕೊಳ್ಳುವಾಗ 'ಸ್ನ್ಯಾಪ್‌ಶಾಟ್ ಬರುತ್ತಾ?' ಅಂತ ಕೇಳಿ. ನಿನ್ನೆ ಸಂಜೆ ಫೋಲ್ಡರ್ ಹೇಗಿತ್ತೋ ಹಾಗೆ ವಾಪಸ್ ತರುವ ಸೌಲಭ್ಯ ಅದು. ಅತಿ ಅಗ್ಗದ ಮಾಡೆಲ್‌ಗಳಲ್ಲಿ ಹಲವಕ್ಕೆ ಇರುವುದಿಲ್ಲ. ಇನ್ನೊಂದು, ಮನೆಯಿಂದ ನೋಡಬೇಕು ಅಂತ ನ್ಯಾಸನ್ನು ನೇರ ಇಂಟರ್ನೆಟ್ಟಿಗೆ ತೆರೆದಿಡಬೇಡಿ. 2021ರ ಏಪ್ರಿಲ್‌ನಲ್ಲಿ ಕ್ಯೂನ್ಯಾಪ್ ಕಂಪನಿಯ ನ್ಯಾಸ್‌ಗಳಿಗೆ ಕ್ಯೂಲಾಕರ್ ಅಂತೊಂದು ರ‍್ಯಾನ್ಸಂವೇರ್ ನುಗ್ಗಿತು. ಅದು ಬಳಸಿದ್ದು ಯಾವ ಮಾಯದ ಅಸ್ತ್ರವನ್ನೂ ಅಲ್ಲ, ನಾವೆಲ್ಲ ಫೈಲ್ ಕುಗ್ಗಿಸಲು ಬಳಸುವ 7-ಜಿಪ್ ಅನ್ನು. ಎಲ್ಲವನ್ನೂ ಜಿಪ್ ಮಾಡಿ ಪಾಸ್‌ವರ್ಡ್ ಹಾಕಿ ಹೋಯಿತು.

ಕೊನೆಗೆ ಎರಡು ಯುಎಸ್‌ಬಿ ಡಿಸ್ಕ್ ಕೊಂಡು ವಾರಕ್ಕೊಂದರಂತೆ ಬದಲಿಸಿ. ಒಂದು ಮಂಡಿಯಲ್ಲಿ, ಇನ್ನೊಂದು ನಿಮ್ಮ ಮನೆಯ ಬೀರುವಿನಲ್ಲಿ. ಬೆಂಕಿ, ಕಳ್ಳ, ಸಿಡಿಲು ಎರಡೂ ಕಡೆ ಒಂದೇ ದಿನ ಬರುವುದಿಲ್ಲ. ಡಿಸ್ಕಿಗೆ ಪಾಸ್‌ವರ್ಡ್ ಹಾಕಿ, ಆ ಪಾಸ್‌ವರ್ಡನ್ನು ಡಿಸ್ಕಿನ ಮೇಲೇ ಅಂಟಿಸಬೇಡಿ. ನಗಬೇಡಿ, ನೋಡಿದ್ದೇನೆ. ಎಷ್ಟು ವರ್ಷ ಇಡಬೇಕು ಅಂದರೆ, ಜಿಎಸ್‌ಟಿ ಕಾಯ್ದೆ ಪ್ರಕಾರ ಆ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು. ಹಳೆಯ ಡೇಟಾ ಅಳಿಸುವ ಮುಂಚೆ ನಿಮ್ಮ ಆಡಿಟರನ್ನು ಕೇಳಿ.

ಡೀಲರ್ ಎಲ್ಲಾ ಜೋಡಿಸಿ ದುಡ್ಡು ಕೇಳಿದಾಗ ಒಂದೇ ಒಂದು ಮಾತು ಹೇಳಿ: 'ಕಳೆದ ಮಂಗಳವಾರದ ಲೆಕ್ಕ ಈ ಖಾಲಿ ಲ್ಯಾಪ್‌ಟಾಪಿನಲ್ಲಿ ತೆರೆದು ತೋರಿಸಪ್ಪಾ.' ತೋರಿಸಿದ ಮೇಲೆ ಚೆಕ್ ಬರೆಯಿರಿ. ಮೂರು ತಿಂಗಳಿಗೊಮ್ಮೆ ಇದನ್ನೇ ನಿಮ್ಮ ಗುಮಾಸ್ತರಿಂದ ಮಾಡಿಸಿ.

ಪ್ರಶ್ನೆ: ಅಕ್ಕಾ, ನಾನು ತಿಪಟೂರಿನಲ್ಲಿ ಮದುವೆ ಫೋಟೋ, ವಿಡಿಯೋ ಮಾಡುತ್ತೇನೆ. ಬೀರುವಿನಲ್ಲಿ 38 ಪೋರ್ಟಬಲ್ ಹಾರ್ಡ್ ಡಿಸ್ಕ್ ಇವೆ. ಯಾವುದರಲ್ಲಿ ಯಾರ ಮದುವೆ ಅಂತ ಮರೆತೇ ಹೋಗಿದೆ. ಒಂದು ಮದುವೆಗೆ ಸುಮಾರು 600 ಜಿಬಿ ಆಗುತ್ತದೆ. ಎಲ್ಲಾ ಕ್ಲೌಡಿಗೆ ಹಾಕಿಬಿಡಲೇ?

ತಮ್ಮಾ, ಕ್ಲೌಡಿಗೆ ಹಾಕುವ ಮೊದಲು ಕೂಡಿ ಕಳೆದು ನೋಡೋಣ. ನಿಮ್ಮ ಫೈಬರ್ ಲೈನಿನ ಅಪ್‌ಲೋಡ್ 50 ಎಂಬಿಪಿಎಸ್ ಅಂತ ಇಟ್ಟುಕೊಂಡರೆ 600 ಜಿಬಿ ಏರಲು ಹತ್ತಿರ ಹತ್ತಿರ 27 ಗಂಟೆ ಬೇಕು, ಅದೂ ಲೈನು ಒಮ್ಮೆಯೂ ಕಡಿಯದಿದ್ದರೆ. ಲಗ್ನದ ಸೀಸನ್ನಿನಲ್ಲಿ ವಾರಕ್ಕೆ ಮೂರು ಮದುವೆ ಬಂದರೆ ಆಲ್ಬಂ ಲಿಂಕ್ ಕಳಿಸಲು ಪಕ್ಕದ ಮನೆ ವೈಫೈ ಕೇಳಬೇಕಾಗುತ್ತದೆ. ಅದೇ ಸ್ಟುಡಿಯೋ ಒಳಗೆ ಗಿಗಾಬಿಟ್ ಕೇಬಲ್ಲಿನಲ್ಲಿ ನ್ಯಾಸಿಗೆ ಹಾಕಿದರೆ ಒಂದೂವರೆ ಗಂಟೆ. ವೈಫೈ ಮೇಲೆ ಹಾಕಬೇಡಿ, ಕೇಬಲ್ ಎಳೆಯಿರಿ.

ವರ್ಷಕ್ಕೆ 25 ಮದುವೆ ಅಂದರೆ 15 ಟಿಬಿ. ನಾಲ್ಕು ಡಿಸ್ಕಿನ ನ್ಯಾಸಿಗೆ 8 ಟಿಬಿಯ ನಾಲ್ಕು ಡಿಸ್ಕ್ ಹಾಕಿ ರೇಡ್ 5 ಮಾಡಿದರೆ ಒಂದು ಡಿಸ್ಕಿನಷ್ಟು ಜಾಗ ಕಾವಲಿಗೆ ಹೋಗಿ 24 ಟಿಬಿ ಸಿಗುತ್ತದೆ. ಒಂದು ಡಿಸ್ಕ್ ಸತ್ತರೂ ಡೇಟಾ ಉಳಿಯುತ್ತದೆ. ಕಂಪ್ಯೂಟರಿನಲ್ಲಿ 21 ಚಿಲ್ಲರೆ ಅಂತ ತೋರಿಸಿದರೆ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡಿ. ಕಂಪನಿ ಸಾವಿರದಿಂದ ಗುಣಿಸುತ್ತದೆ, ವಿಂಡೋಸ್ 1024ರಿಂದ ಭಾಗಿಸುತ್ತದೆ, ಅಷ್ಟೇ.

ಡಿಸ್ಕ್ ಕೊಳ್ಳುವಾಗ ಒಂದು ಅಕ್ಷರ ನೋಡಿ: ಸಿಎಂಆರ್ ಇರಬೇಕು, ಎಸ್‌ಎಂಆರ್ ಬೇಡ. ಎಸ್‌ಎಂಆರ್ ಡಿಸ್ಕಿನಲ್ಲಿ ಬರೆಯುವ ಸಾಲುಗಳನ್ನು ಮಂಗಳೂರು ಹೆಂಚಿನ ಹಾಗೆ ಒಂದರ ಅಂಚಿನ ಮೇಲೆ ಇನ್ನೊಂದನ್ನು ಹೊದಿಸಿರುತ್ತಾರೆ. ಜಾಗ ಉಳಿಯುತ್ತದೆ. ಆದರೆ ನಡುವೆ ಒಂದು ಹೆಂಚು ಬದಲಿಸಬೇಕಾದರೆ ಪಕ್ಕದವನ್ನೂ ಎತ್ತಬೇಕಲ್ಲ, ಅದೇ ತೊಂದರೆ ಇಲ್ಲೂ. ಕೆಟ್ಟ ಡಿಸ್ಕ್ ತೆಗೆದು ಹೊಸದು ಹಾಕಿದಾಗ ರೇಡ್ ಮತ್ತೆ ಕಟ್ಟಿಕೊಳ್ಳಲು ದಿನಗಟ್ಟಲೆ ತೆಗೆದುಕೊಳ್ಳಬಹುದು, ನಡುವೆ ಕೈಕೊಡಲೂಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ರೆಡ್ ಡಿಸ್ಕುಗಳಲ್ಲಿ ಕೆಲವು ಎಸ್‌ಎಂಆರ್ ಅಂತ ಗೊತ್ತಾಗಿ ದೊಡ್ಡ ಗಲಾಟೆ ಆಯಿತು. ಈಗ ರೆಡ್ ಪ್ಲಸ್ ಅಂತ ಇರುವುದು ಸಿಎಂಆರ್.

ಅಂದಹಾಗೆ, ಮೂರು ನಕಲು, ಎರಡು ಬಗೆಯ ಸಾಧನ, ಒಂದು ಊರಾಚೆ ಅನ್ನುವ 3-2-1 ಲೆಕ್ಕವನ್ನು ಜನಪ್ರಿಯ ಮಾಡಿದ್ದು ಯಾವ ಕಂಪ್ಯೂಟರ್ ಪಂಡಿತನೂ ಅಲ್ಲ. ಪೀಟರ್ ಕ್ರೋಗ್ ಅನ್ನುವ ಅಮೆರಿಕದ ಫೋಟೋಗ್ರಾಫರ್. ನಿಮ್ಮ ಕುಲಬಾಂಧವ!

ಇನ್ನು ಆ 38 ಡಿಸ್ಕ್. ಒಂದು ಭಾನುವಾರ ಕೂತು ಒಂದೊಂದೇ ಸಿಕ್ಕಿಸಿ, ನಂಬರ್ ಅಂಟಿಸಿ, ಒಳಗೇನಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಒಂದೆರಡು ತಿರುಗುವುದೇ ಇಲ್ಲ ಅನ್ನಬಹುದು, ಅದನ್ನು ಈಗಲೇ ತಿಳಿದುಕೊಳ್ಳುವುದು ವಾಸಿ. ಎಸ್‌ಎಸ್‌ಡಿಗೆ ತುಂಬಿ ಬೀರುವಿನಲ್ಲಿಡುವ ಯೋಚನೆ ಬೇಡ. ಕರೆಂಟ್ ಕಾಣದೆ ವರ್ಷಗಟ್ಟಲೆ ಬಿದ್ದರೆ ಅದು ಮರೆತುಬಿಡಬಹುದು. ಮುಂದಿನ ಮದುವೆಯಿಂದ ರಸೀದಿಯಲ್ಲೇ ಒಂದು ಸಾಲು ಮುದ್ರಿಸಿ: ಆಲ್ಬಂ ಕೊಟ್ಟ ಮೇಲೆ ಮೂಲ ಫೈಲುಗಳನ್ನು ಒಂದು ವರ್ಷ ಮಾತ್ರ ಇಡುತ್ತೇವೆ. ಈ ಸಾಲಿಗೆ ಖರ್ಚಿಲ್ಲ, ಆದರೆ ಎರಡನೇ ನ್ಯಾಸ್ ಉಳಿಸುತ್ತದೆ.

ಪ್ರಶ್ನೆ: ಮೇಡಂ, ದಾವಣಗೆರೆಯಲ್ಲಿ ನಮ್ಮದು ರಕ್ತ ಪರೀಕ್ಷೆಯ ಲ್ಯಾಬ್. ಒಂಬತ್ತು ಕಂಪ್ಯೂಟರ್, ಎಂಟು ಸಿಸಿ ಕ್ಯಾಮೆರಾ, 200 ಎಂಬಿಪಿಎಸ್ ಲೈನ್. ಎಲ್ಲಾ ಒಂದೇ ನೆಟ್‌ವರ್ಕ್ ಸ್ವಿಚ್ಚಿನಲ್ಲಿವೆ. ಫೋರ್ಟಿಗೇಟ್ 40ಎಫ್ ಫೈರ್‌ವಾಲ್‌ಗೆ ಮೂರು ವರ್ಷದ ಲೈಸೆನ್ಸ್ ಸೇರಿಸಿ ಕೊಟೇಶನ್ ಬಂದಿದೆ. ಲೈಸೆನ್ಸ್ ಪೆಟ್ಟಿಗೆಗಿಂತ ದುಬಾರಿ! ಬೇಕೇ? ಒಂದು ಮೆಷಿನ್ನಿಗೆ ಜೋಡಿಸಿದ ಕಂಪ್ಯೂಟರ್ ಇನ್ನೂ ವಿಂಡೋಸ್ 7ರಲ್ಲಿದೆ, ಬದಲಿಸಿದರೆ ಮೆಷಿನ್ ಓಡುವುದಿಲ್ಲವಂತೆ. ನಮ್ಮ ಡಾಕ್ಟರ್ ಮನೆಯಿಂದ ರಿಮೋಟ್ ಡೆಸ್ಕ್‌ಟಾಪಿನಲ್ಲಿ ರಿಪೋರ್ಟ್ ನೋಡುತ್ತಾರೆ.

ಕೊನೆಯ ವಾಕ್ಯದಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಇದನ್ನು ಈ ಸಂಚಿಕೆ ಓದಿ ಮುಗಿಸುವ ಮುಂಚೆಯೇ ಸರಿ ಮಾಡಬೇಕು. ಡಾಕ್ಟರ ಅನುಕೂಲಕ್ಕೆ ಯಾರೋ ನಿಮ್ಮ ರೌಟರಿನಲ್ಲಿ 3389 ಅನ್ನುವ ಬಾಗಿಲು ತೆರೆದಿಟ್ಟಿದ್ದಾರೆ. ಆ ಬಾಗಿಲು ಎಲ್ಲೆಲ್ಲಿ ತೆರೆದಿದೆ ಅಂತ ಹುಡುಕುತ್ತಾ ಪಾಸ್‌ವರ್ಡ್ ಊಹಿಸುವ ಯಂತ್ರಗಳು ಜಗತ್ತಿನ ತುಂಬ ಹಗಲು ರಾತ್ರಿ ಓಡುತ್ತಿವೆ. ರ‍್ಯಾನ್ಸಂವೇರ್ ಒಳಬರುವ ದೊಡ್ಡ ದಾರಿಗಳಲ್ಲಿ ಇದೂ ಒಂದು. ಇವತ್ತೇ ಮುಚ್ಚಿಸಿ. ಡಾಕ್ಟರ್ ಮೊದಲು ವಿಪಿಎನ್ ಅನ್ನುವ ಬೀಗ ಹಾಕಿದ ಖಾಸಗಿ ದಾರಿಯ ಮೂಲಕ ಒಳಗೆ ಬರಲಿ, ಆಮೇಲೆ ರಿಪೋರ್ಟ್ ನೋಡಲಿ. ಒಂದು ಹೆಜ್ಜೆ ಜಾಸ್ತಿ ಅಂತ ಅವರು ಮುಖ ಸಿಂಡರಿಸಬಹುದು. ಸಿಂಡರಿಸಲಿ.

ಎರಡನೆಯದು ವಿಂಡೋಸ್ 7. ಮೈಕ್ರೋಸಾಫ್ಟ್ 2020ರ ಜನವರಿ 14ಕ್ಕೇ ಅದರ ಕೈಬಿಟ್ಟಿದೆ. ಮೆಷಿನ್ ಕೊಟ್ಟವರು ಹೊಸ ಸಾಫ್ಟ್‌ವೇರ್ ಕೊಡುವವರೆಗೆ ನೀವು ಏನೂ ಮಾಡುವ ಹಾಗಿಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಇಂಟರ್ನೆಟ್ ಯಾಕೆ? ಅದು ರಿಪೋರ್ಟ್ ಕಳಿಸುವ ಒಂದು ಕಂಪ್ಯೂಟರ್ ಬಿಟ್ಟು ಬೇರೆ ಯಾರ ಜೊತೆಗೂ ಮಾತಾಡದ ಹಾಗೆ ಕಟ್ಟಿಹಾಕಬಹುದು. ಅದಕ್ಕೇ ನಿಮಗೆ ಮ್ಯಾನೇಜ್ಡ್ ಸ್ವಿಚ್ ಬೇಕು. ಒಂದೇ ಸ್ವಿಚ್ಚನ್ನು ಒಳಗೊಳಗೇ ಭಾಗ ಮಾಡುವುದಕ್ಕೆ ವಿಲ್ಯಾನ್ ಅನ್ನುತ್ತಾರೆ. ಅವಿಭಕ್ತ ಕುಟುಂಬದ ಮನೆಗೆ ಗೋಡೆ ಎಬ್ಬಿಸಿದ ಹಾಗೆ. ಲ್ಯಾಬ್ ಮೆಷಿನ್‌ಗಳು ಒಂದು ಕಡೆ, ಬಿಲ್ಲಿಂಗ್ ಒಂದು ಕಡೆ, ಕ್ಯಾಮೆರಾ ಇನ್ನೊಂದು ಕಡೆ, ಕಾಯುತ್ತಾ ಕೂತ ರೋಗಿಗಳ ವೈಫೈ ಬೀದಿಯಲ್ಲಿ.

ಕ್ಯಾಮೆರಾ ಬೇರೆ ಯಾಕೆ ಅಂದರೆ, 2016ರ ಮಿರಾಯ್ ಅನ್ನುವ ಕೇಡಿನ ಸಾಫ್ಟ್‌ವೇರ್ ನೆನಪಿಸಿಕೊಳ್ಳಿ. ಕಾರ್ಖಾನೆಯಿಂದ ಬಂದ ಹಾಗೇ ಬಿಟ್ಟ ಸುಮಾರು 60 ಜೋಡಿ ಹೆಸರು-ಪಾಸ್‌ವರ್ಡ್ ಪಟ್ಟಿ ಇಟ್ಟುಕೊಂಡು ಲಕ್ಷಗಟ್ಟಲೆ ಕ್ಯಾಮೆರಾ, ಡಿವಿಆರ್, ರೌಟರ್‌ಗಳನ್ನು ಅದು ವಶ ಮಾಡಿಕೊಂಡಿತ್ತು. ನಿಮ್ಮ ಡಿವಿಆರ್ ಪಾಸ್‌ವರ್ಡ್ ಈಗ ಏನಿದೆ? 'ಅಡ್ಮಿನ್ 123' ಅಲ್ವಾ?

ಈಗ ಫೈರ್‌ವಾಲ್, ಅಂದರೆ ಇಂಟರ್ನೆಟ್ಟಿಗೂ ನಿಮ್ಮ ನೆಟ್‌ವರ್ಕಿಗೂ ನಡುವೆ ಕೂರುವ ಕಾವಲು ಪೆಟ್ಟಿಗೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆಯುವ ವೇಗವನ್ನು ನಂಬಬೇಡಿ. 40ಎಫ್‌ನ ಡೇಟಾಶೀಟ್‌ನಲ್ಲಿ ಫೈರ್‌ವಾಲ್ ವೇಗ 5 ಜಿಬಿಪಿಎಸ್ ಅಂತಿದೆ. ಅದು ಗೇಟಿನಲ್ಲಿ ನಿಂತ ವಾಚ್‌ಮನ್ ಬರೀ ಮುಖ ನೋಡಿ ಒಳಗೆ ಬಿಡುವ ವೇಗ. ಎಲ್ಲರ ಚೀಲ ಬಿಚ್ಚಿ ನೋಡುವ ವೇಗ ಕೆಳಗಿದೆ. 'ಥ್ರೆಟ್ ಪ್ರೊಟೆಕ್ಷನ್' ಅಂತ, 600 ಎಂಬಿಪಿಎಸ್. ನಿಮ್ಮದು 200ರ ಲೈನ್, ಸಾಕು. ಯಾವ ಕಂಪನಿಯ ಪೆಟ್ಟಿಗೆ ನೋಡಿದರೂ ಆ ಕೆಳಗಿನ ಸಾಲನ್ನೇ ಓದಿ.

ಲೈಸೆನ್ಸ್ ದುಬಾರಿ ಅಂತೀರಿ. ಆದರೆ ನೀವು ಕೊಳ್ಳುತ್ತಿರುವುದೇ ಅದನ್ನು. ಲೈಸೆನ್ಸ್ ಮುಗಿದರೆ ಪೆಟ್ಟಿಗೆ ದೀಪ ಉರಿಸಿಕೊಂಡೇ ಇರುತ್ತದೆ, ಹೊಸ ವೈರಸ್ಸಿನ ಗುರುತು ಮಾತ್ರ ಬರುವುದಿಲ್ಲ. ಎಷ್ಟೋ ಕಡೆ ಹೀಗೆ ಲೈಸೆನ್ಸ್ ಸತ್ತ ಫೈರ್‌ವಾಲ್ ಮೇಲೆ ಗಣಪತಿ ಫೋಟೋ ಇಟ್ಟಿದ್ದು ಕಂಡಿದ್ದೇನೆ. ಗಣಪತಿಯೇ ಕಾಯುತ್ತಿದ್ದ. ಮೂರು ವರ್ಷದ ಆಚೆಗೆ ನವೀಕರಣಕ್ಕೆ ಎಷ್ಟಾಗುತ್ತದೆ ಅಂತ ಈಗಲೇ ಬರೆಸಿಕೊಳ್ಳಿ. ಅದನ್ನು ಕಟ್ಟಲಾಗದು ಅನ್ನಿಸಿದರೆ ಓಪಿಎನ್‌ಸೆನ್ಸ್, ಪಿಎಫ್‌ಸೆನ್ಸ್ ಅಂತ ಪುಕ್ಕಟೆ ಸಿಗುವ ಫೈರ್‌ವಾಲ್‌ಗಳಿವೆ. ಚೆನ್ನಾಗಿವೆ. ಆದರೆ ಅದನ್ನು ಬಲ್ಲವರು ನಿಮ್ಮೂರಿನಲ್ಲಿ ಕರೆದರೆ ಬರುವ ಹಾಗಿರಬೇಕು. ಒಬ್ಬನೇ ಬಲ್ಲ, ಅವನು ಬೆಂಗಳೂರಿಗೆ ಹೋದ ಅಂದರೆ ಕೆಲಸ ಕೆಟ್ಟಿತು.

ಇನ್ನೊಂದು ವಿಷಯವನ್ನು ಕೊಟೇಶನ್‌ನಲ್ಲಿ ಬರೆಯುವುದಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ತಿಳಿಸಬೇಕು, 180 ದಿನದ ಲಾಗ್ ಇಟ್ಟಿರಬೇಕು. ಲಾಗ್ ಅಂದರೆ ಯಾರು ಬಂದರು, ಯಾರು ಹೋದರು ಅನ್ನುವ ಗೇಟಿನ ಪುಸ್ತಕ. 40ಎಫ್ ಒಳಗೆ ಡಿಸ್ಕ್ ಇಲ್ಲ, ಅದರ ಅಣ್ಣ 61ಎಫ್‌ನಲ್ಲಿದೆ. ಆದ್ದರಿಂದ ಲಾಗ್ ಎಲ್ಲಿ ಉಳಿಯುತ್ತದೆ ಅಂತ ಕೇಳಿ. ನ್ಯಾಸಿಗೂ ಕಳಿಸಬಹುದು. ನಿಮ್ಮ ಹತ್ತಿರ ಇರುವುದು ಜನರ ಸಕ್ಕರೆ, ಎಚ್‌ಐವಿ, ಬಸುರಿನ ವಿವರ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆಯಲ್ಲಿ, ಡೇಟಾ ಸರಿಯಾಗಿ ಕಾಯದಿದ್ದಕ್ಕೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ. ಹೆದರಿಸಲಿಕ್ಕೆ ಹೇಳುತ್ತಿಲ್ಲ, ಅಷ್ಟು ದಂಡ ಸಣ್ಣ ಲ್ಯಾಬಿಗೆ ಯಾರೂ ಹಾಕಲಿಕ್ಕಿಲ್ಲ. ಆದರೆ ದಾವಣಗೆರೆಯಂಥ ಊರಿನಲ್ಲಿ ಒಬ್ಬರ ರಿಪೋರ್ಟ್ ಹೊರಗೆ ಹೋದರೆ ದಂಡಕ್ಕೆ ಕಾಯಬೇಕಾಗಿಯೂ ಇಲ್ಲ.

ಕ್ಯಾಮೆರಾ ಡಿಸ್ಕ್ ಎಷ್ಟು ಬೇಕು ಅಂತ ಇನ್ನೊಂದು ಚೀಟಿಯಲ್ಲಿ ಕೇಳಿದ್ದೀರಿ. ಒಂದು ಎಂಬಿಪಿಎಸ್ ಅಂದರೆ ದಿನಕ್ಕೆ 10.8 ಜಿಬಿ. ಕ್ಯಾಮೆರಾಕ್ಕೆ 2 ಎಂಬಿಪಿಎಸ್ ಇಟ್ಟರೆ ಎಂಟು ಕ್ಯಾಮೆರಾ, 30 ದಿನಕ್ಕೆ ಸುಮಾರು 5.2 ಟಿಬಿ. 6 ಟಿಬಿ ಹಾಕಿ, ಕ್ಯಾಮೆರಾಕ್ಕಂತಲೇ ಮಾಡಿದ ಡಿಸ್ಕ್ ಆಗಿರಲಿ.

ಪ್ರಶ್ನೆ: ಮಾನ್ಯರೇ, ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಸಹಕಾರ ಸಂಘದ ಕಚೇರಿಯಿಂದ ರಸ್ತೆಯಾಚೆಯ ಗೋದಾಮಿಗೆ 60 ಮೀಟರ್ ನೆಟ್‌ವರ್ಕ್ ಕೇಬಲ್ ಎಳೆದಿದ್ದೇವೆ. ಎರಡು ವರ್ಷ ಸತತ ಸಿಡಿಲಿಗೆ ಸ್ವಿಚ್ ಸುಟ್ಟಿದೆ. ಒಳ್ಳೆ ಕಂಪನಿಯ ಸ್ವಿಚ್ ಯಾವುದು?

ಕಾರ್ಯದರ್ಶಿಗಳೇ, ಚಿನ್ನದ ಸ್ವಿಚ್ ಹಾಕಿದರೂ ಸುಡುತ್ತದೆ. ಏಪ್ರಿಲ್-ಮೇ ತಿಂಗಳ ನಮ್ಮ ಕಡೆಯ ಗುಡುಗು ನಿಮಗೆ ಹೊಸದೇ? ಎರಡು ಕಟ್ಟಡದ ಅರ್ತಿಂಗ್ ಬೇರೆ ಬೇರೆ. ನಡುವೆ ತಾಮ್ರದ ತಂತಿ. ಹತ್ತಿರ ಎಲ್ಲೋ ಸಿಡಿಲು ಬಡಿದರೆ ಒಂದು ಕಡೆಯ ನೆಲದ ವೋಲ್ಟೇಜ್ ಏರಿ ಆ ತಂತಿ ಹಿಡಿದು ಇನ್ನೊಂದು ಕಡೆ ಇಳಿಯುತ್ತದೆ. ದಾರಿಯಲ್ಲಿ ನಿಮ್ಮ ಸ್ವಿಚ್. ಈಥರ್ನೆಟ್ ಕೇಬಲ್ 100 ಮೀಟರ್‌ವರೆಗೆ ಎಳೆಯಬಹುದು ಅಂತ ಪುಸ್ತಕದಲ್ಲಿದೆ ನಿಜ, ಆದರೆ ಅದು ಒಂದೇ ಕಟ್ಟಡದೊಳಗಿನ ಮಾತು ಅಂತ ಇಟ್ಟುಕೊಳ್ಳಿ.

ತಾಮ್ರ ತೆಗೆದು ಫೈಬರ್ ಹಾಕಿಸಿ. ಎರಡು ತುದಿಗೆ ಮೀಡಿಯಾ ಕನ್ವರ್ಟರ್, ಅಂದರೆ ಫೈಬರಿನ ಬೆಳಕನ್ನು ತಾಮ್ರದ ಕೇಬಲ್ಲಿಗೆ ಹೊಂದಿಸುವ ಪೆಟ್ಟಿಗೆ. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಇಲ್ಲೊಂದು ಮೋಸವಿದೆ. ಕಂಬದಿಂದ ಎಳೆಯುವ ಫೈಬರ್ ಕೇಬಲ್ಲಿಗೆ ಬಲಕ್ಕಾಗಿ ಉಕ್ಕಿನ ತಂತಿ ಸೇರಿಸಿರುತ್ತಾರೆ. ಅದನ್ನು ಒಳಗಿನವರೆಗೂ ತಂದರೆ ಸಿಡಿಲಿಗೆ ಮತ್ತೆ ರಸ್ತೆ ಮಾಡಿಕೊಟ್ಟ ಹಾಗೆ. ಲೋಹವಿಲ್ಲದ ಕೇಬಲ್ ಕೇಳಿ. ಸಿಗದಿದ್ದರೆ ಆ ಉಕ್ಕಿನ ತಂತಿಯನ್ನು ಗೋಡೆಯ ಹೊರಗೇ ಕತ್ತರಿಸಿ ಹಾಕಿಸಿ.

ಜೊತೆಗೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್‌ಗೂ ಅರ್ತಿಗೂ ನಡುವೆ ಮೀಟರ್ ಹಿಡಿಸಿ. 3 ವೋಲ್ಟಿನ ಒಳಗಿರಬೇಕು. ಕಳೆದ ಬೇಸಿಗೆಯಲ್ಲಿ ಒಂದು ಕಡೆ 19 ತೋರಿಸಿತು. ಅರ್ತ್ ಗುಂಡಿಗೆ ಎರಡು ಕೊಡ ನೀರು ಹೊಯ್ದ ಮೇಲೆ 4ಕ್ಕೆ ಇಳಿಯಿತು! ನಿಮ್ಮಲ್ಲಿ ಮಳೆಗಾಲದಲ್ಲಿ ನೀರಿಗೇನು ಬರ, ಆದರೆ ಸಿಡಿಲು ಬರುವುದು ಮಳೆಗಾಲದ ಮುಂಚೆ, ನೆಲ ಒಣಗಿದ್ದಾಗ.

ಪ್ರಶ್ನೆ: ಅಮ್ಮಾ, ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಸರ್ವರ್ ಬಹಳ ಅಗ್ಗಕ್ಕೆ ಸಿಗುತ್ತಿದೆ. ನಮ್ಮ ತುಮಕೂರಿನ ಬಟ್ಟೆ ಅಂಗಡಿಗೆ ತರಲೇ?

ಬೇಡ. ಒಂದು ವರ್ಷದ ಕರೆಂಟ್ ಬಿಲ್ಲಿನಲ್ಲಿ ಅಗ್ಗ ಎಲ್ಲಾ ಇಳಿದುಹೋಗುತ್ತದೆ. ಫ್ಯಾನಿನ ಸದ್ದಿಗೆ ಗಿರಾಕಿ ಹೇಳಿದ ಸೀರೆ ಬಣ್ಣವೂ ಕೇಳಿಸುವುದಿಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿ ನಮ್ಮದೊಂದು ಸಣ್ಣ ವಾರಪತ್ರಿಕೆ. 2003ರಿಂದಿನ ಪುಟಗಳೆಲ್ಲ ಸಿಡಿಯಲ್ಲಿವೆ. ನುಡಿ ಫಾಂಟಿನಲ್ಲಿ ಕಂಪೋಸ್ ಮಾಡಿದ್ದು. ಏನು ಮಾಡಲಿ?

ಸಿಡಿ ಓದುವ ಡ್ರೈವ್ ಇರುವ ಕಂಪ್ಯೂಟರ್ ಊರಿನಲ್ಲಿ ಎಲ್ಲಾದರೂ ಉಳಿದಿರುವಾಗಲೇ ಎಲ್ಲಾ ಇಳಿಸಿಕೊಳ್ಳಿ. ಮೊದಲು ಅತಿ ಹಳೆಯವು. ಮನೆಯಲ್ಲಿ ಬರೆದ ಸಿಡಿಯ ಬಣ್ಣದ ಪದರ ಕಾಲಕ್ರಮದಲ್ಲಿ ಮಾಸುತ್ತದೆ. ಎರಡು ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ. ಪ್ರತಿ ಪುಟದ ಪಿಡಿಎಫ್ ಕೂಡ ಮಾಡಿಸಿ. ಅದೇ ಡಿಸ್ಕಿನಲ್ಲಿ ಆಗ ಬಳಸಿದ ಫಾಂಟ್ ಫೈಲುಗಳನ್ನೂ ಒಂದು ಫೋಲ್ಡರ್ ಮಾಡಿ ಇಡಿ. ಅದಿಲ್ಲದೆ ಹಳೆಯ ನುಡಿ ಫೈಲ್ ತೆರೆದರೆ ಕನ್ನಡವಿರುವ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳಿವೆ. ಮೊದಲು ಒಂದು ಸಂಚಿಕೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವೊತ್ತು ಸರಿ ಬಂದಿವೆಯೇ ಅಂತ ನಿಮ್ಮ ಹಳೆಯ ಪ್ರೂಫ್ ರೀಡರ್ ಕೈಲಿ ಓದಿಸಿ ನೋಡಿ.